ಎದೆ ಹೊಡೆದುಕೊಂಡದ್ದಕ್ಕೆ ಸಾಕ್ಷಿ ಯಾರು?

ಗದ್ದೆಯಲ್ಲಿ ಬಗ್ಗಿ ನಟ್ಟಿ ಮಾಡುತ್ತಿದ್ದ ಒಬ್ಬ ಹೆಂಗಸು ತಟ್ಟನೆ ಎದ್ದು ನಿಲ್ಲುತ್ತಾಳೆ. ಕೆಸರು ಕೈಯನ್ನೇ ಎದೆಯ ಮೇಲೆ ಇಟ್ಟುಕೊಳ್ಳುತ್ತಾಳೆ. "ಎದಿ ಹೊಡ್ಕಂತ್" ಅನ್ನುತ್ತಾಳೆ. ಅವಳು ಹೇಳಿದ್ದು ನಿಜವೋ, ಕೆಲಸಗಳ್ಳತನದ ನೆಪವೋ? ಅದನ್ನು ತೀರ್ಮಾನ ಮಾಡುವವರು ಯಾರು?

ನನ್ನ ಪ್ರಶ್ನೆ ಇಷ್ಟೇ. ಭೂಮಿ, ಕೂಲಿ, ಮೀಸಲಾತಿ, ಬಹಿಷ್ಕಾರ ಇಂಥ ದೊಡ್ಡ ಸಂಗತಿಗಳ ನಡುವೆ ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸಿನ ಎದೆಬಡಿತಕ್ಕೆ ಪತ್ರಿಕೆಯ ಪುಟ ಯಾಕೆ ಖರ್ಚು ಮಾಡಬೇಕು ಅಂತ ಕೆಲವು ಗೆಳೆಯರು ಕೇಳಬಹುದು. ಕೇಳಲಿ. ಮೇಲಿನವರು ಎರಡು ಸಾವಿರ ವರ್ಷ ನಮಗೆ ಹೇಳಿದ್ದೂ ಅದನ್ನೇ. ನಿಮ್ಮ ನೋವು ಸಣ್ಣದು, ಅದಕ್ಕಿಂತ ದೊಡ್ಡದು ಬೇರೆ ಇದೆ, ಸ್ವಲ್ಪ ತಡೆಯಿರಿ ಅಂತ.

ಆ ಹೆಂಗಸು ನನ್ನ ಅಬ್ಬಿ. ಜಾಗ ಹಟ್ಟಿಯಂಗಡಿ, ವಾರಾಹಿ ಹೊಳೆಯ ಬದಿ. ವರ್ಷ 1987, ಮಳೆಗಾಲ. ಮೈಸೂರು ಸೀಮೆಯ ಗೆಳೆಯರಿಗೆ ಊರಿನ ಹೆಸರು ಹೇಳಿದರೆ "ಓಹೋ, ನಮ್ಮ ಹಟ್ಟಿಯೇ" ಅನ್ನುತ್ತಾರೆ. ಅವರಲ್ಲಿ ಹಟ್ಟಿ ಅಂದರೆ ನಮ್ಮವರ ಕೇರಿ. ನಮ್ಮ ಕುಂದಾಪುರದ ಕಡೆ ಹಟ್ಟಿ ಅಂದರೆ ದನ ಕಟ್ಟುವ ಕೊಟ್ಟಿಗೆ. ಎರಡಕ್ಕೂ ಒಂದೇ ಮಾತು ಬಿದ್ದಿರುವುದು ಆಕಸ್ಮಿಕ ಇರಬಹುದು, ನನಗಂತೂ ನಗು ಬರುವುದಿಲ್ಲ. ಊರು ಬಹಳ ಹಳೆಯದು. ಜೈನ ಬಸದಿ ಇದೆ, ಸಿದ್ಧಿವಿನಾಯಕನ ದೇವಸ್ಥಾನ ಇದೆ, ಶಾಸನಗಳಿವೆ. ಯಾರು ಯಾವ ದೇವರಿಗೆ ಎಷ್ಟು ಭೂಮಿ ದತ್ತಿ ಬಿಟ್ಟರು ಅಂತ ಶಾಸನಗಳು ಹೇಳುತ್ತವೆ. ಆ ಭೂಮಿಯಲ್ಲಿ ಬಗ್ಗಿದವರ ಎದೆ ಯಾವಾಗ ಹೊಡೆದುಕೊಂಡಿತು ಅಂತ ಕಲ್ಲಿನಲ್ಲಿ ಯಾರೂ ಬರೆಸಲಿಲ್ಲ.

ಅವತ್ತು ಅಬ್ಬಿಯ ಬೆನ್ನ ಮೇಲೆ ಗೊರಬು, ಕೈಯಲ್ಲಿ ಅಗೆಯ ಕಟ್ಟು. ನಾನು ಹನ್ನೆರಡು ವರ್ಷದವಳು, ಅಂಚಿನ ಮೇಲೆ ನಿಂತು ಅಗೆ ಎಸೆಯುವ ಕೆಲಸ. ಅಂಚಿನ ಆ ಕಡೆಯಿಂದ "ಎಂತ, ಸೊಂಟ ನೆಟ್ಟಗ್ ಮಾಡುಕ್ ಬಂದದ್ದಾ?" ಅಂತ ಒಂದು ಗಂಡು ದನಿ ಬಂತು. ಅಬ್ಬಿ ಮಾತಾಡಲಿಲ್ಲ. ಪಕ್ಕದಲ್ಲಿದ್ದ ಮುದುಕಿ ಮೆಲ್ಲಗೆ ಕೇಳಿದಳು: "ಯಾರ್ನ್ ಕಂಡ್ ಹೆದ್ರಿದೆ?" ಅಬ್ಬಿ ಹೇಳಿದಳು: "ಹೆದ್ರಿದ್ದಲ್ಲ. ಸುಮ್ನೆ ಹೊಡ್ಕಂತ್."

ಈ ಎರಡು ಮಾತುಗಳನ್ನು ನಾನು ಸುಮಾರು ನಲವತ್ತು ವರ್ಷದಿಂದ ಹೊತ್ತು ತಿರುಗುತ್ತಿದ್ದೇನೆ. "ಯಾರ್ನ್ ಕಂಡ್ ಹೆದ್ರಿದೆ" ಅನ್ನುವುದು ನಮ್ಮ ಕೇರಿಯ ವೈದ್ಯಶಾಸ್ತ್ರದ ಮೊದಲ ಪ್ರಶ್ನೆ. ಎದೆ ಹೊಡೆದುಕೊಂಡಿತು ಅಂದರೆ ಎದುರಿಗೆ ಯಾರೋ ಇರಲೇಬೇಕು. ಅಬ್ಬಿಯ ಎದೆ ಅದಕ್ಕೂ ಮೊದಲು ಸಾವಿರ ಸಲ ಹೊಡೆದುಕೊಂಡಿತ್ತು. ಒಡೇರ ಅಂಗಳದ ಹೊರಗೆ ಕೂಲಿಗೆ ಕಾದು ನಿಂತಾಗ. ಅಪ್ಪಯ್ಯ ಸಾರಾಯಿ ಕುಡಿದು ಅಂಚು ಹತ್ತಿ ಬರುವ ಹೆಜ್ಜೆ ಕೇಳಿದಾಗ. ಸಾಲದವನು ಬಾಗಿಲಿಗೆ ಬಂದಾಗ. ನನ್ನಕ್ಕ ಸಂಜೆ ಕತ್ತಲಾದರೂ ಮನೆಗೆ ಬಾರದೆ ಇದ್ದಾಗ. ಪ್ರತಿಯೊಂದು ಬಡಿತಕ್ಕೂ ಒಂದು ಮುಖ ಇತ್ತು. ಈಗ ಬಂದದ್ದು ಮುಖವಿಲ್ಲದ ಬಡಿತ. ಅವಳ ಗೊಂದಲ ಅದು. ಹೆದರಿಕೆಯಿಲ್ಲದೆ ಎದೆ ಹೊಡೆದುಕೊಂಡರೆ ಅದು ಮೈಯ ಕಾಯಿಲೆ ಅಂತ ತಿಳಿಯಬೇಕಾದರೆ, ಹೆದರಿಕೆಯಿಲ್ಲದ ನಾಲ್ಕು ದಿನಗಳನ್ನಾದರೂ ಮೊದಲು ಕಂಡಿರಬೇಕು. ಯಾವ ಬಡಿತ ಧಣಿಯದ್ದು, ಯಾವ ಬಡಿತ ಮೈಯದ್ದು ಅಂತ ಬೇರ್ಪಡಿಸುವ ಅವಕಾಶವೇ ಇಲ್ಲದ ಬದುಕು ನಮ್ಮ ಹೆಂಗಸರದ್ದು. ಇದನ್ನು ಯಾವ ಡಾಕ್ಟರ ಪುಸ್ತಕದಲ್ಲೂ ನಾನು ಓದಿಲ್ಲ.

ಆಮೇಲೆ ಪಾತ್ರಿಯ ಹತ್ತಿರ ಹೋದರು. ಗಾಳಿ ಸೋಂಕು ಅಂತ ಆಯ್ತು. ದೈವಕ್ಕೆ ಹೇಳಿಕೊಂಡದ್ದು ಬಾಕಿ ಇದೆ ಅಂತ ಆಯ್ತು. ಒಂದು ಕೋಳಿ ಹೋಯಿತು. ನಾನು ವಿಚಾರವಾದದ ಪಾಠ ಕಲಿತವಳು, ಇದನ್ನೆಲ್ಲ ಮೂಢನಂಬಿಕೆ ಅಂತ ವರ್ಷಗಟ್ಟಲೆ ಬೈದವಳು. ಈಗಲೂ ಬೈಯುತ್ತೇನೆ. ಆದರೆ ಒಂದು ಮಾತು ಮುಚ್ಚಿಡಬಾರದು. ಅವತ್ತು ಅರ್ಧ ಗಂಟೆ ಅಬ್ಬಿಯನ್ನು ಕೂರಿಸಿ, ಯಾವಾಗಿಂದ, ರಾತ್ರಿಯೋ ಹಗಲೋ, ಬೆವರುತ್ತದೋ, ನಿದ್ದೆ ಬರುತ್ತದೋ ಅಂತ ಕೇಳಿದವನು ಆ ಪಾತ್ರಿ ಒಬ್ಬನೇ. ಉತ್ತರ ತಪ್ಪಾಗಿತ್ತು. ಪ್ರಶ್ನೆಗಳು ಸರಿ ಇದ್ದವು. ಸರಿಯಾದ ಉತ್ತರ ಗೊತ್ತಿದ್ದವರು ಆ ಪ್ರಶ್ನೆ ಕೇಳಲೇ ಇಲ್ಲ.

ಯಾಕೆ ಕೇಳಲಿಲ್ಲ? ಕೇಳಬೇಕಾದರೆ ಹತ್ತಿರ ಬರಬೇಕು. ಹತ್ತಿರ ಬಂದರೆ ಮುಟ್ಟಬೇಕು.

ಕನ್ನಡದಲ್ಲಿ ಮುಟ್ಟು ಅನ್ನುವ ಮಾತಿಗೆ ಎರಡು ಮುಖ. ತಿಂಗಳ ನೆತ್ತರಿಗೂ ಮುಟ್ಟು, ಕೈ ತಾಗಿಸುವುದಕ್ಕೂ ಮುಟ್ಟು. ಮೇಲ್ಜಾತಿಯ ಮನೆಯ ಹೆಂಗಸು ತಿಂಗಳಿಗೆ ಮೂರು ದಿನ ಹೊರಗೆ ಕೂತಳು, ಮೂರು ದಿನ ಮುಟ್ಟಬಾರದವಳಾದಳು. ನಮ್ಮ ಹೆಂಗಸು ಮೂವತ್ತು ದಿನವೂ ಮುಟ್ಟಬಾರದವಳು. ಆ ಹೆಂಗಸಿಗೆ ವಯಸ್ಸಾಗಿ ಮುಟ್ಟು ನಿಂತರೆ ಒಂದು ಬಿಡುಗಡೆ ಉಂಟು. ಮಡಿಗೆ ಅಡ್ಡಿಯಿಲ್ಲ, ದೇವರ ಕೋಣೆಗೆ ಅಡ್ಡಿಯಿಲ್ಲ. ಅವಳ ಮನೆಯಲ್ಲೂ ಅವಳ ಎದೆಬಡಿತವನ್ನು ಕೇಳಿದವರು ಕಡಿಮೆಯೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮವಳಿಗೆ ಮುಟ್ಟು ನಿಂತರೆ ನೆತ್ತರು ಮಾತ್ರ ನಿಲ್ಲುತ್ತದೆ. ಮತ್ತೊಂದು ಮುಟ್ಟು, ಆ ಮುಟ್ಟಬಾರದು, ಅದು ಯಾವ ವಯಸ್ಸಿಗೂ ನಿಲ್ಲುವುದಿಲ್ಲ.

ನಾಡಿ ನೋಡುವುದು ನಮ್ಮ ದೇಶದ ದೊಡ್ಡ ವಿದ್ಯೆ ಅಂತ ಭಾಷಣ ಕೇಳುತ್ತೇವೆ. ಮೂರು ಬೆರಳು ಮಣಿಕಟ್ಟಿನ ಮೇಲೆ ಇಟ್ಟು ವಾತ ಪಿತ್ತ ಕಫ ಹೇಳುವ ವಿದ್ಯೆ. ಇರಲಿ. ಮೂರು ಬೆರಳು ಇಡಬೇಕಲ್ಲ ಸ್ವಾಮಿ? ಹೊಲೆಯರ ಹೆಂಗಸಿನ ಮಣಿಕಟ್ಟಿನ ಮೇಲೆ ಯಾರು ಇಟ್ಟರು? ಮುಟ್ಟದೆ ಇರುವ ಸಮಾಜದಲ್ಲಿ ನಾಡಿ ವಿದ್ಯೆ ಅರ್ಧ ಊರಿಗೆ ಮಾತ್ರ ಹುಟ್ಟಿದ ವಿದ್ಯೆ.

ಇದು ಬರಿಯ ವಾದ ಅಲ್ಲ. ಬಾಬಾಸಾಹೇಬ ಅಂಬೇಡ್ಕರರು ತಮ್ಮ ನೆನಪಿನ ಟಿಪ್ಪಣಿಗಳಲ್ಲಿ ಒಂದು ಕಾಗದವನ್ನು ಸೇರಿಸಿದ್ದಾರೆ. 1929ರ ಡಿಸೆಂಬರ್ 12ರ 'ಯಂಗ್ ಇಂಡಿಯಾ'ದಲ್ಲಿ ಅಚ್ಚಾಗಿದ್ದ ಕಾಗದ ಅದು. ಬರೆದವನು ಕಾಠಿಯಾವಾಡದ ಒಬ್ಬ ಅಸ್ಪೃಶ್ಯ ಶಾಲಾ ಮಾಸ್ತರ. ಅವನ ಹೆಂಡತಿ ಹೆತ್ತು ಎರಡು ದಿನಕ್ಕೆ ಕಾಯಿಲೆ ಬಿದ್ದಳು. ಡಾಕ್ಟರು ಕೇರಿಯೊಳಗೆ ಬರುವುದಿಲ್ಲ ಅಂದ, ಮುಟ್ಟುವುದಿಲ್ಲ ಅಂದ. ಊರಿನ ದೊಡ್ಡವರ ಕೈಕಾಲು ಹಿಡಿದು, ಎರಡು ರೂಪಾಯಿ ಫೀಜು ಒಪ್ಪಿ ಕರೆತಂದರೆ, ಬಾಣಂತಿಯನ್ನು ಕೇರಿಯ ಹೊರಗೆ ತರಬೇಕು ಅಂತ ಷರತ್ತು. ತಂದರು. ಡಾಕ್ಟರು ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟ, ಅವನು ಮಾಸ್ತರನ ಕೈಗೆ ಕೊಟ್ಟ, ಮಾಸ್ತರ ಹೆಂಡತಿಗೆ ಇಟ್ಟ. ಬಂದ ದಾರಿಯಲ್ಲೇ ಅದು ವಾಪಸ್ಸು ಹೋಯಿತು. ದೀಪದ ಬೆಳಕಿನಲ್ಲಿ ನೋಡಿ ನ್ಯುಮೋನಿಯಾ ಅಂದ, ಹೋದ. ಅವಳು ಉಳಿಯಲಿಲ್ಲ. ಥರ್ಮಾಮೀಟರ್ ಮೂರು ಕೈ ದಾಟಬಲ್ಲದು. ನಾಡಿ ಹಾಗೆ ಕೈಯಿಂದ ಕೈಗೆ ದಾಟಿಸಲಿಕ್ಕೆ ಬರುವುದಿಲ್ಲ. ಅವಳ ಎದೆ ಎಷ್ಟು ವೇಗವಾಗಿ ಹೊಡೆದುಕೊಳ್ಳುತ್ತಿತ್ತು ಅನ್ನುವುದು ಅವಳ ಜೊತೆಗೇ ಹೋಯಿತು.

ಎದೆಗೆ ಇಡುವ ಕೊಳವೆ, ಸ್ಟೆತಸ್ಕೋಪು, ಅದರ ಕಥೆಯೂ ಕೇಳಬೇಕಾದದ್ದೇ. 1816ರಲ್ಲಿ ಪ್ಯಾರಿಸ್ಸಿನ ಲೆನೆಕ್ ಅನ್ನುವ ಡಾಕ್ಟರಿಗೆ ಒಬ್ಬ ತರುಣಿಯ ಎದೆಯ ಮೇಲೆ ಕಿವಿ ಇಟ್ಟು ಕೇಳಲು ಸಂಕೋಚವಾಯಿತು. ಕಾಗದವನ್ನು ಸುರುಳಿ ಸುತ್ತಿ, ಒಂದು ತುದಿ ಅವಳ ಎದೆಗೆ, ಒಂದು ತುದಿ ತನ್ನ ಕಿವಿಗೆ ಇಟ್ಟುಕೊಂಡ. ಕಿವಿ ಇಟ್ಟದ್ದಕ್ಕಿಂತ ಚೆನ್ನಾಗಿ ಕೇಳಿಸಿತು. ಅವನೂ ಒಂದು ಗೇಣು ದೂರ ನಿಂತವನೇ. ಆದರೆ ದೂರ ನಿಂತು ಕೇಳುವುದಕ್ಕೆ ದಾರಿ ಹುಡುಕಿದ. ನಮ್ಮಲ್ಲಿ ದೂರ ನಿಂತವರು ಕೇಳದೆ ಇರುವುದಕ್ಕೆ ದಾರಿ ಹುಡುಕಿದರು.

ನಮ್ಮ ಜಿಲ್ಲೆಯಲ್ಲಿ ಅದಕ್ಕಿಂತ ಮುಂದಕ್ಕೂ ಹೋದರು. ಕೊರಗರ ಅಜಲು ಪದ್ಧತಿ ಅಂತ ಇತ್ತು. ಮೇಲಿನವರ ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ, ಬಸುರಿಗೆ ಅನಿಷ್ಟದ ಭಯವಾದರೆ, ಅವರ ಕೂದಲು, ಉಗುರು ಅನ್ನದಲ್ಲಿ ಕಲಸಿ ಕೊರಗರಿಗೆ ತಿನ್ನಿಸುವುದು. ಕಾಯಿಲೆ ಇವರ ಮೈಗೆ ಹೋಯಿತು ಅಂತ ನಂಬಿಕೆ. ಕಂಬಳದ ಹಿಂದಿನ ರಾತ್ರಿ ಇಬ್ಬನಿಯಲ್ಲಿ ಕೂತು ಅವರು ಡೋಲು ಬಡಿಯಬೇಕು. ಇದನ್ನು ಅಪರಾಧ ಅಂತ ಹೇಳಲಿಕ್ಕೆ ಕರ್ನಾಟಕ ಸರಕಾರ 2000ದಲ್ಲಿ ಒಂದು ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು. ಯೋಚನೆ ಮಾಡಿ ನೋಡಿ. ಯಾರ ಮೈ ಇನ್ನೊಬ್ಬರ ಕಾಯಿಲೆ ಸುರಿಯುವ ತಿಪ್ಪೆಯೋ, ಅವರ ಸ್ವಂತ ಕಾಯಿಲೆಗೆ ಆ ಮೈಯಲ್ಲಿ ಜಾಗ ಎಲ್ಲಿದೆ?

*

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಹೇಳಬಾರದು ಅಂದುಕೊಂಡಿದ್ದೆ. ಆದರೆ ಹೇಳದೆ ವಾದ ಮುಂದೆ ಹೋಗುವುದಿಲ್ಲ.

ನನಗೆ ನಲವತ್ತೇಳು ಆದಾಗ ಒಂದು ದಿನ ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಿದ್ದೆ. ಕುತ್ತಿಗೆಯಿಂದ ಬಿಸಿ ಹಬೆ ಎದ್ದ ಹಾಗಾಯಿತು, ಅದರ ಹಿಂದೆಯೇ ಎದೆ ಓಡತೊಡಗಿತು. ಒಂದು ಬಡಿತ ತಪ್ಪಿದ ಹಾಗೆ, ಆಮೇಲೆ ಅದರ ಬಾಕಿ ತೀರಿಸುವ ಹಾಗೆ ಒಂದು ದೊಡ್ಡ ಗುದ್ದು. ಮಕ್ಕಳು ಅಂಕಿ ಬರೆದುಕೊಳ್ಳುತ್ತಿದ್ದರು. ನಾನು ಮೇಜು ಹಿಡಿದು ನಿಂತೆ. ಮೊದಲು ಬಂದ ಯೋಚನೆ ಏನು ಗೊತ್ತೇ? ಯಾರನ್ನು ಕಂಡು ಹೆದರಿದೆ ಅಂತ. ಬಿ.ಎ., ಬಿ.ಎಡ್. ಎಲ್ಲ ಆದ ಮೇಲೂ ಆ ಮುದುಕಿಯ ಪ್ರಶ್ನೆಯೇ ಬಂತು.

ಪೇಟೆಯ ಒಂದು ಆಸ್ಪತ್ರೆಗೆ ಹೋದೆ. ಇಸಿಜಿ ತೆಗೆದರು. "ಎಲ್ಲ ನಾರ್ಮಲ್. ಟೆನ್ಷನ್ ಮಾಡ್ಕೊಳ್ಬೇಡಿ. ನಿಮ್ಮವರಿಗೆ ಈಗ ಎಲ್ಲ ಸೌಲಭ್ಯ ಇದೆಯಲ್ಲ" ಅಂದರು. ಕೊನೆಯ ಮಾತು ಇಸಿಜಿಯ ಯಾವ ಗೆರೆಯಲ್ಲಿ ಕಂಡಿತೋ ಗೊತ್ತಾಗಲಿಲ್ಲ. ಆಮೇಲೆ ತಿಳಿದುಕೊಂಡೆ. ಮಾಮೂಲಿ ಇಸಿಜಿ ಬರೆದುಕೊಳ್ಳುವುದು ಸುಮಾರು ಹತ್ತು ಸೆಕೆಂಡಿನ ಬಡಿತವನ್ನು. ದಿನದಲ್ಲಿ ಇರುವುದು 86,400 ಸೆಕೆಂಡು. ಬೆಳಿಗ್ಗೆ ನಾಲ್ಕು ಗಂಟೆಗೆ ಓಡಿದ ಎದೆ ಹನ್ನೊಂದು ಗಂಟೆಗೆ ಮಂಚದ ಮೇಲೆ ಮಲಗಿದಾಗ ನೆಟ್ಟಗೆ ನಡೆಯುತ್ತಿದ್ದರೆ, ಆ ಕಾಗದ ಸುಳ್ಳು ಹೇಳಲಿಲ್ಲ. ಅದು ಬಂದಾಗ ಕಳ್ಳ ಹೋಗಿ ಆಗಿತ್ತು, ಅಷ್ಟೇ. ಅನುಮಾನ ಇದ್ದರೆ ಒಂದು ದಿನ ಪೂರ್ತಿ ಮೈಗೆ ಕಟ್ಟಿಕೊಂಡಿರುವ ಹೋಲ್ಟರ್ ಅನ್ನುವ ಯಂತ್ರ ಇದೆ. ಆದರೆ ಹತ್ತು ಸೆಕೆಂಡಿನ ಕಾಗದವನ್ನು ಹಿಡಿದುಕೊಂಡು ಒಬ್ಬಳ ಮೂರು ತಿಂಗಳ ಮಾತನ್ನು ಸುಳ್ಳು ಅನ್ನುವುದು ವಿಜ್ಞಾನ ಅಲ್ಲ. ಅದು ಯಜಮಾನಿಕೆ.

ಎರಡನೆಯ ಸಲ ಇನ್ನೊಂದು ಕಡೆ ಒಬ್ಬ ಹೆಂಗಸು ಡಾಕ್ಟರು ಕೈ ಹಿಡಿದು ನಾಡಿ ಎಣಿಸಿದರು. ಎಣಿಸುತ್ತಲೇ ಕೇಳಿದರು: "ಮುಟ್ಟು ಹೇಗಿದೆ ಅಮ್ಮ?" ಯಾರೂ ಕೇಳದ ಪ್ರಶ್ನೆ. ಆರು ತಿಂಗಳಿಂದ ಅಡ್ಡಾದಿಡ್ಡಿ, ಬಂದರೆ ಹತ್ತು ದಿನ ನಿಲ್ಲುವುದಿಲ್ಲ ಅಂದೆ. ರಕ್ತ ನೋಡಿಸಿದರು. ಹಿಮೋಗ್ಲೋಬಿನ್ ಎಂಟರ ಹತ್ತಿರ. ಹನ್ನೆರಡು ಇರಬೇಕಾದದ್ದು.

ಅವರು ತಿಳಿಸಿ ಹೇಳಿದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ಮುಟ್ಟು ನಿಲ್ಲುವುದು ನಲ್ಲಿ ತಿರುಗಿಸಿದ ಹಾಗೆ ಅಲ್ಲ. ಕೆಲವರಿಗೆ ನಾಲ್ಕೈದು ವರ್ಷ ಹಿಡಿಯುತ್ತದೆ. ನಮ್ಮ ದೇಶದ ಹೆಂಗಸರಿಗೆ ಪೂರ್ತಿ ನಿಲ್ಲುವ ಸರಾಸರಿ ವಯಸ್ಸು 46-47ರ ಸುಮಾರು. ಪಶ್ಚಿಮದ ದೇಶಗಳಲ್ಲಿ 51. ಈ ನಡುಗಾಲದಲ್ಲಿ ಈಸ್ಟ್ರೋಜನ್ ಅನ್ನುವ ರಸ ಒಂದೇ ಸಮನೆ ಇಳಿಯುವುದಿಲ್ಲ. ನಮ್ಮ ಹೊಳೆಯ ಭರತ ಇಳಿತದ ಹಾಗೆ ಏರುತ್ತದೆ, ಬೀಳುತ್ತದೆ. ಮೈಯ ಶಾಖ ಕಾಯುವ ಮಿದುಳಿನ ಭಾಗ ಸಣ್ಣ ಬಿಸಿಗೂ ಬೆಚ್ಚಿಬೀಳುತ್ತದೆ, ಚರ್ಮದ ರಕ್ತನಾಳಗಳನ್ನು ತೆರೆದುಬಿಡುತ್ತದೆ, ಬೆವರು ಹರಿಯುತ್ತದೆ, ಹೃದಯ ನಿಮಿಷಕ್ಕೆ 8ರಿಂದ 16 ಬಡಿತ ಹೆಚ್ಚಾಗಿ ಓಡುತ್ತದೆ. ರಾತ್ರಿ ಮಲಗಿದಾಗಲೂ. ಈ ವಯಸ್ಸಿನ ಹತ್ತು ಹೆಂಗಸರಲ್ಲಿ ನಾಲ್ವರವರೆಗೂ ಇಂಥ ಬಡಿತದ ಅನುಭವ ಹೇಳಿಕೊಂಡದ್ದು ಅಧ್ಯಯನಗಳಲ್ಲಿದೆ. ಹೆಚ್ಚಿನವರಿಗೆ ಅದು ಅಪಾಯವಲ್ಲ, ಕಾಲ ಕಳೆದಂತೆ ಶಾಂತವಾಗುತ್ತದೆ.

ಆದರೆ ನಮ್ಮ ಹೆಂಗಸರಲ್ಲಿ ಇದರ ಜೊತೆಗೆ ಇನ್ನೊಂದು ಸೇರುತ್ತದೆ. ಇದೇ ಕಾಲದಲ್ಲಿ ನೆತ್ತರು ಹೆಚ್ಚು ಹೋಗುತ್ತದೆ. ಮೊದಲೇ ಗಂಜಿ ತೆಳು, ಈಗ ರಕ್ತವೂ ತೆಳು. ಕೊಡ ಸಣ್ಣದಾದರೆ ಬಾವಿಗೆ ಹೆಚ್ಚು ಸಲ ಹೋಗಬೇಕು. ಹೃದಯ ಮಾಡುವುದೂ ಅದನ್ನೇ, ಸಣ್ಣ ಕೊಡ ಹಿಡಿದುಕೊಂಡು ಓಡುತ್ತದೆ. ಹಾಗಾಗಿ ನಮ್ಮ ಅಬ್ಬಿಯಂಥವರ ಎದೆಬಡಿತವನ್ನು 'ವಯಸ್ಸಿನದ್ದು, ಸುಮ್ಮನೆ ಹೋಗ್ತದೆ' ಅಂತ ಬಿಡುವುದೂ ತಪ್ಪು. ಅದರಲ್ಲಿ ಅರ್ಧ ಪ್ರಕೃತಿಯದ್ದು, ಅರ್ಧ ಪಡಿತರದ್ದು. ಪ್ರಕೃತಿ ಎಲ್ಲ ಜಾತಿಗೂ ಒಂದೇ ಅಂತ ಹೇಳುವವರು ಈ ಎರಡನೆಯ ಅರ್ಧವನ್ನು ನೋಡುವುದಿಲ್ಲ.

ನನಗೆ ಕಬ್ಬಿಣದ ಮಾತ್ರೆ, ನಾಲ್ಕು ದಿನ ರಜೆ. ಇದೇ ತಿಂಗಳು ನಮ್ಮ ಪಕ್ಕದ ಮನೆಯವಳಿಗೂ ಎದೆ ಹೊಡೆದುಕೊಳ್ಳಲು ಶುರುವಾಗಿತ್ತು. ನನಗಿಂತ ಒಂದು ವರ್ಷ ಚಿಕ್ಕವಳು. ಗೇರುಬೀಜದ ಕಾರ್ಖಾನೆಗೆ ಹೋಗುವವಳು, ಗೇರಿನ ಎಣ್ಣೆ ತಾಗಿ ಬೆರಳುಗಳ ಚರ್ಮ ಕಪ್ಪಾಗಿ ಸುಲಿದಿದೆ. ಸುಲಿದ ಬೀಜದ ತೂಕಕ್ಕೆ ಕೂಲಿ, ಕೂತ ಹೊತ್ತಿಗೆ ಅಲ್ಲ. ಎದೆ ಓಡಿದಾಗ ಕೈ ನಿಂತರೆ ಕೂಲಿಯೂ ನಿಂತಿತು. ನಾನು ಅವಳಿಗೆ ಡಾಕ್ಟರಿಣಿ ಹೇಳಿದ್ದನ್ನೆಲ್ಲ ಹೇಳಿದೆ. ಕೂತುಕೋ, ತಣ್ಣೀರು ಕುಡಿ, ಉಸಿರು ಉದ್ದಕ್ಕೆ ಬಿಡು, ವಿಶ್ರಾಂತಿ ತಗೋ. ಅವಳು ಎಲ್ಲ ಕೇಳಿ ಹೇಳಿದಳು: "ಅಕ್ಕ, ನಿಮ್ ಎದಿಗ್ ಸಂಬ್ಳ ಇತ್ತ್. ನನ್ ಎದಿಗ್ ಇಲ್ಲೆ."

ನನಗೆ ಆಡಲು ಮಾತು ಇರಲಿಲ್ಲ. ಒಂದೇ ಕೇರಿಯಲ್ಲಿ ಹುಟ್ಟಿ, ಒಂದೇ ಬಾವಿಯಿಂದ ದೂರ ನಿಂತು ಬೆಳೆದವರು ನಾವು. ಈಗ ನನ್ನ ಎದೆಬಡಿತ 'ಆರೋಗ್ಯ ಸಮಸ್ಯೆ', ಅವಳದ್ದು 'ಗೈರುಹಾಜರಿ'. ಮೀಸಲಾತಿಯಿಂದ ಮೇಲೆ ಬಂದ ನಮ್ಮಂಥವರು ಜಾತಿಯ ಬಗ್ಗೆ ಬರೆಯುವಾಗ ಈ ಗೆರೆಯನ್ನು ಮರೆಯುವುದು ಸಲೀಸು.

ಸರಕಾರ ಹೆಂಗಸಿನ ಮೈಯನ್ನು ಯಾವಾಗ ನೋಡುತ್ತದೆ? ಅದು ಹೆರುವಾಗ. 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯದ ಮಸೂದೆಯ ಪರವಾಗಿ ಬಾಬಾಸಾಹೇಬರು ಮಾತಾಡಿದಾಗ ಅದೇ ದೊಡ್ಡ ಹೋರಾಟ. ಇಡೀ ದೇಶಕ್ಕೆ ಅಂಥ ಕಾನೂನು ಆದದ್ದು 1961ರಲ್ಲಿ. ಅದು ಬೇಕಾಗಿತ್ತು, ಬಂತು. ಆದರೆ ಹೆರುವುದು ಮುಗಿದ ಮೇಲೆ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಲೆಕ್ಕದಲ್ಲಿ ಕರ್ನಾಟಕದ ನೂರು ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ, ದೇಶದಲ್ಲಿ 57. ಆ ಅಂಕಿ 15ರಿಂದ 49 ವಯಸ್ಸಿನವರದ್ದು. ಐವತ್ತು ತುಂಬಿದವಳ ರಕ್ತಹೀನತೆ ಆ ಕೋಷ್ಟಕದೊಳಗೆ ಇಲ್ಲ. ಅಂದರೆ ಹೆರುವ ವಯಸ್ಸು ದಾಟಿದ ಕೂಡಲೇ ಪುಸ್ತಕ ಮುಚ್ಚುತ್ತಾರೆ. ನಮ್ಮ ಅಬ್ಬಿ ಇನ್ನೂ ಇಪ್ಪತ್ತು ವರ್ಷ ನಟ್ಟಿ ಮಾಡಿದಳು. ಆ ಇಪ್ಪತ್ತು ವರ್ಷ ಅವಳ ನೆತ್ತರು ಯಾರ ಲೆಕ್ಕದಲ್ಲಿತ್ತು?

2025ರ ಅಕ್ಟೋಬರಿನಲ್ಲಿ ಕರ್ನಾಟಕದ ಸಚಿವ ಸಂಪುಟ ದುಡಿಯುವ ಹೆಂಗಸರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆ ಕೊಡಲು ಒಪ್ಪಿತು. ಒಳ್ಳೆಯದು, ನಾನು ಸ್ವಾಗತಿಸುತ್ತೇನೆ. ಹುಳುಕು ಹುಡುಕುವ ಚಟ ನನಗಿಲ್ಲ. ಆದರೂ ಕೇಳಬೇಕು. ಇವತ್ತು ಒಬ್ಬರ ಗದ್ದೆ, ನಾಳೆ ಇನ್ನೊಬ್ಬರ ತೋಟಕ್ಕೆ ಹೋಗುವ ದಿನಗೂಲಿಯವಳು ಈ ರಜೆಯ ಅರ್ಜಿಯನ್ನು ಯಾವ ಧಣಿಗೆ ಬರೆಯಬೇಕು? ಮುಟ್ಟು ಬಾರದೆ ಇರುವುದೇ ಯಾರ ಕಾಯಿಲೆಯೋ ಅವಳು ಮುಟ್ಟಿನ ರಜೆಯನ್ನು ಯಾವ ದಿನಕ್ಕೆ ಕೇಳಬೇಕು?

ಸಮಾಜ ನಮ್ಮ ಈ ವಯಸ್ಸನ್ನು ನೋಡುವ ಇನ್ನೊಂದು ರೀತಿ ಇದೆ. ಗರ್ಭಕೋಶ ಕಿತ್ತುಬಿಡುವುದು. ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳ ಹೆಂಗಸರು, ದಲಿತ ಹೆಂಗಸರು ಬೇಡದ ಆಪರೇಷನ್ ಮಾಡಿಸಿಕೊಂಡು ಮೋಸಹೋದೆವು ಅಂತ 2015ರಲ್ಲಿ ಬೀದಿಗೆ ಇಳಿದರು. ಹೊಟ್ಟೆನೋವು ಅಂದವರಿಗೂ, ಬಿಳಿಸೆರಗು ಅಂದವರಿಗೂ ಕತ್ತರಿಯೇ ಔಷಧ. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ಕಥೆ 2019ರಲ್ಲಿ ಹೊರಬಿತ್ತು. ಮುಟ್ಟಾದರೆ ಕೆಲಸ ತಪ್ಪುತ್ತದೆ, ಕೆಲಸ ತಪ್ಪಿದರೆ ದಂಡ, ಅದಕ್ಕೆ ಗರ್ಭಕೋಶವೇ ಬೇಡ ಅಂತ. ಸುಪ್ರೀಂ ಕೋರ್ಟು 2023ರ ಏಪ್ರಿಲಿನಲ್ಲಿ ಇಂಥ ಆಪರೇಷನ್ನುಗಳನ್ನು ತಡೆಯುವ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕು ಅಂತ ಹೇಳಿತು. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೆ ನಾಲ್ಕೈದು ವರ್ಷ ಇಳಿಯಬೇಕಾದ ರಸ ಒಂದೇ ದಿನದಲ್ಲಿ ಬತ್ತುತ್ತದೆ. ಮೂವತ್ತರ ಹೆಂಗಸಿಗೆ ಐವತ್ತರ ಬಿಸಿ, ಐವತ್ತರ ಎದೆಬಡಿತ. ಒಬ್ಬಳು ನೋವು ಅಂದಾಗ ಮೊದಲು ನಂಬುವುದಿಲ್ಲ, ನಂಬಿದಾಗ ಕತ್ತರಿಸುತ್ತಾರೆ. ನಡುವೆ ಕೂತು ಮಾತಾಡುವ ದಾರಿಯೊಂದು ಇದೆ, ಅದರಲ್ಲಿ ಯಾರಿಗೂ ಲಾಭವಿಲ್ಲ.

*

ಮೊದಲಿನ ಪ್ರಶ್ನೆಗೆ ಬರೋಣ. ಎದೆ ಹೊಡೆದುಕೊಂಡದ್ದಕ್ಕೆ ಸಾಕ್ಷಿ ಯಾರು?

ಜ್ಞಾನಕ್ಕೆ ಪ್ರಮಾಣ ಯಾವುದು ಅಂತ ನಮ್ಮ ದೇಶದ ತರ್ಕಶಾಸ್ತ್ರಿಗಳು ಬಹಳ ಜಗಳ ಮಾಡಿದ್ದಾರೆ. ಕಣ್ಣಿಗೆ ಕಂಡದ್ದು ಪ್ರತ್ಯಕ್ಷ, ಹೊಗೆ ಕಂಡು ಬೆಂಕಿ ಅಂದರೆ ಅನುಮಾನ, ನಂಬತಕ್ಕವನು ಹೇಳಿದ್ದು ಆಪ್ತವಾಕ್ಯ. ಎದೆಬಡಿತ ಮತ್ತೊಬ್ಬರ ಕಣ್ಣಿಗೆ ಕಾಣುವುದಿಲ್ಲ. ಅಬ್ಬಿಯ ಎದೆಗೆ ಅಬ್ಬಿಯ ಮಾತೇ ಪ್ರಮಾಣ. ಅವಳು ಆಪ್ತಳೋ ಅಲ್ಲವೋ? ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನ (ಕಾಮಸೂತ್ರದವನಲ್ಲ, ಇವನು ಬೇರೆ) ಇದಕ್ಕೆ ಉತ್ತರ ಕೊಟ್ಟಿದ್ದಾನೆ. ವಿಷಯವನ್ನು ನೇರವಾಗಿ ಬಲ್ಲವನು, ಬಲ್ಲದ್ದನ್ನು ಹಾಗೆಯೇ ತಿಳಿಸಬೇಕೆಂದು ಹೊರಟವನು ಯಾರೇ ಇರಲಿ ಅವನು ಆಪ್ತ. ಋಷಿಗೂ, ಆರ್ಯನಿಗೂ, ಮ್ಲೇಚ್ಛನಿಗೂ ಈ ಲಕ್ಷಣ ಒಂದೇ ಅಂತ ಅವನು ಸ್ಪಷ್ಟವಾಗಿ ಹೇಳುತ್ತಾನೆ. ಇದನ್ನು ಓದಿದಾಗ ನನಗೆ ಆಶ್ಚರ್ಯವೂ ಆಯಿತು, ಸಿಟ್ಟೂ ಬಂತು. ಪುಸ್ತಕದಲ್ಲಿ ಮ್ಲೇಚ್ಛನಿಗೂ ಜಾಗ ಇತ್ತಲ್ಲ! ಹಾಗಾದರೆ ಆ ಪುಸ್ತಕ ಓದಿದವರ ಗದ್ದೆಯಲ್ಲಿ ನನ್ನ ಅಬ್ಬಿಯ ಮಾತು ಯಾಕೆ ಪ್ರಮಾಣವಾಗಲಿಲ್ಲ? ಪುಸ್ತಕದ ಆಪ್ತ ದೂರದ ದೇಶದವನು, ಅವನಿಗೆ ಕೂಲಿ ಕೊಡಬೇಕಾಗಿಲ್ಲ. ಅಬ್ಬಿಯ ಮಾತು ನಿಜ ಅಂತ ಒಪ್ಪಿದರೆ ಅವಳನ್ನು ಕೂರಿಸಬೇಕು. ಕೂರಿಸಿದರೆ ನಟ್ಟಿ ನಿಲ್ಲುತ್ತದೆ. ನಂಬಿಕೆಗೆ ಒಂದು ಖರ್ಚು ಉಂಟು. ಆ ಖರ್ಚು ಯಾರ ಕಿಸೆಯಿಂದ ಹೋಗಬೇಕೋ ಅವರೇ ಅಪನಂಬಿಕೆಯ ತತ್ವಜ್ಞಾನಿಗಳಾಗುತ್ತಾರೆ.

ಹಾಗಂತ ಮೈ ಹೇಳಿದ್ದೆಲ್ಲ ಕೊನೆಯ ಸತ್ಯ ಅಂತ ನಾನು ವಾದಿಸುತ್ತಿಲ್ಲ. ಅಬ್ಬಿ ತನ್ನ ಎದೆ ಹೊಡೆದುಕೊಂಡಿತು ಅಂದರೆ ಅದಕ್ಕೆ ಅವಳೇ ಸಾಕ್ಷಿ. ಯಾಕೆ ಹೊಡೆದುಕೊಂಡಿತು ಅನ್ನುವುದಕ್ಕೆ ಅವಳೂ ಸಾಕ್ಷಿಯಲ್ಲ, ಪಾತ್ರಿಯೂ ಅಲ್ಲ. ಅಲ್ಲಿ ರಕ್ತ ಪರೀಕ್ಷೆ ಬೇಕು, ಥೈರಾಯ್ಡ್ ನೋಡಬೇಕು, ರಕ್ತದೊತ್ತಡ ನೋಡಬೇಕು, ಇಸಿಜಿ ಬೇಕು. ಎಳವೆಯಲ್ಲಿ ಗಂಟಲುನೋವಿನ ಜ್ವರ ಬಂದು ಹೃದಯದ ಕವಾಟ ಕೆಟ್ಟಿರುವುದು ಬಡವರಲ್ಲೇ ಹೆಚ್ಚು, ಅದು ಈ ವಯಸ್ಸಿನಲ್ಲಿ ಮೇಲೆ ಬರಬಹುದು. ಬಡಿತದ ಜೊತೆ ಎದೆನೋವು, ತಲೆ ತಿರುಗಿ ಬೀಳುವುದು, ಉಸಿರು ಕಟ್ಟುವುದು ಇದ್ದರೆ, ಅಥವಾ ಬಡಿತ ಗತಿ ತಪ್ಪಿ ನಿಲ್ಲದೆ ಓಡುತ್ತಲೇ ಇದ್ದರೆ ಮನೆಮದ್ದು ಮಾಡುತ್ತ ಕೂರಬಾರದು, ಅದೇ ಹೊತ್ತಿಗೆ ಆಸ್ಪತ್ರೆ. ಉಳಿದಂತೆ ಚಹಾ ಕಾಫಿ ಕಡಿಮೆ ಮಾಡುವುದು. ಎಲೆ ಅಡಿಕೆ ಹೊಗೆಸೊಪ್ಪು ಬಿಡುವುದು. ಅಡಿಕೆಯೂ ಎದೆ ಓಡಿಸುತ್ತದೆ, ಹೊಗೆಸೊಪ್ಪೂ ಓಡಿಸುತ್ತದೆ. ಇದನ್ನು ಹೇಳುವಾಗ ನನಗೆ ಸಂಕೋಚ. ಹಸಿವು ಮರೆಯಲಿಕ್ಕೆ ಎಲೆ ಹಾಕಿದವಳಿಗೆ ಎಲೆ ಬಿಡು ಅನ್ನುವ ಮೊದಲು ಅನ್ನದ ಮಾತು ಆಡಬೇಕು. ಬೀಡಿ ಕಟ್ಟುವವಳಂತೂ ಬಾಯಿಗೆ ಹಾಕದೆಯೂ ಹೊಗೆಸೊಪ್ಪಿನ ಧೂಳು ಕುಡಿಯುತ್ತಾಳೆ. ಬಿಸಿ, ಬೆವರು ತೀರ ಹೆಚ್ಚಾದವರಿಗೆ ಹಾರ್ಮೋನಿನ ಚಿಕಿತ್ಸೆಯೂ ಇದೆ. ಎಲ್ಲರಿಗೂ ಅಲ್ಲ, ನೋಡಿ ಕೊಡುವ ಡಾಕ್ಟರು ಬೇಕು.

ನಮ್ಮ ಚಳವಳಿಯ ಒಳಗಿನ ಮಾತನ್ನೂ ಆಡಿಬಿಡುತ್ತೇನೆ. ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದವರು, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಕಟ್ಟಿದವರು ಜನರ ನೋವನ್ನು ಸಾಹಿತ್ಯದ ಹೊಸ್ತಿಲ ಒಳಗೆ ತಂದರು. ಅದರ ಋಣ ನನ್ನ ಮೇಲಿದೆ. ಆದರೆ ಎಷ್ಟೋ ಸಭೆಗಳಲ್ಲಿ ನಾನು ಕೂತಿದ್ದೇನೆ. ನಡುರಾತ್ರಿಯವರೆಗೆ ಚರ್ಚೆ, ಬೀಡಿಯ ಹೊಗೆ, ಬಾಗಿಲು ಹಾಕಿದ ಕೋಣೆ. ಒಂದು ಸಲ ಬಿಸಿ ಏರಿ, ಎದೆ ಓಡಿ, ಕಿಟಕಿ ತೆರೆಯಿರಿ ಅಂದೆ. ಒಬ್ಬ ಸಂಗಾತಿ "ಟೀಚರಿಗೆ ಕ್ರಾಂತಿಯ ಕಾವು ಏರಿತು" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದಿದ್ದರೆ ನಾನು ಬರಿಯ ಹೆಂಗಸಾಗುತ್ತಿದ್ದೆ, ಸಂಗಾತಿಯಾಗಿ ಉಳಿಯುತ್ತಿರಲಿಲ್ಲ. ಗದ್ದೆಯ ಅಂಚಿನಿಂದ ಬಂದ ಆ ದನಿಗೂ ಈ ನಗುವಿಗೂ ಎಷ್ಟು ಗೇಣು ದೂರ ಅಂತ ಅವತ್ತು ಬಸ್ಸಿನಲ್ಲಿ ಬರುವಾಗ ಎಣಿಸಿದೆ.

ಈಚೆಗೆ ನಮ್ಮ ಶಾಲೆಯಲ್ಲಿ ಏಳನೆಯ ಕ್ಲಾಸಿಗೆ ರಕ್ತಪರಿಚಲನೆಯ ಪಾಠ ಬಂದಾಗ ಪುಸ್ತಕ ಮುಚ್ಚಿ ನಾಡಿ ಎಣಿಸುವುದನ್ನು ಕಲಿಸಿದೆ. ಹೆಬ್ಬೆರಳಿನ ಬುಡದ ಹತ್ತಿರ ಎರಡು ಬೆರಳು, ಗಡಿಯಾರ ನೋಡಿ ಹದಿನೈದು ಸೆಕೆಂಡು, ಬಂದದ್ದಕ್ಕೆ ನಾಲ್ಕರಿಂದ ಗುಣಿಸು. ಮೊದಲು ಪಕ್ಕದವರ ಕೈ ಹಿಡಿಯಬೇಕು ಅಂದೆ. ಕ್ಲಾಸಿನಲ್ಲಿ ಎಲ್ಲ ಜಾತಿಯ ಮಕ್ಕಳಿದ್ದಾರೆ. ಹುಡುಗರು ಹುಡುಗಿಯರು ನಾಚಿಕೊಂಡರು, ನಕ್ಕರು. ಎಣಿಸುವಾಗ ಮಾತ್ರ ಎಲ್ಲರ ಮುಖ ಗಂಭೀರ. ಮನೆಗೆ ಹೋಗಿ ಅಮ್ಮಂದಿರದ್ದು ಎಣಿಸಿ, ಕೂತಾಗ ಒಂದು ಸಲ, ಕೆಲಸ ಮುಗಿಸಿ ಬಂದಾಗ ಒಂದು ಸಲ, ಬರೆದು ತನ್ನಿ ಅಂದೆ.

ಮರುದಿನ ಹಲವರು ತಂದರು. 76, 84, 92. ಪಕ್ಕದ ಮನೆಯವಳ ಕಿರಿಯ ಮಗ ಕೊನೆಗೆ ಬಂದ, ನೋಟ್‌ಬುಕ್ಕಿನ ಹಾಳೆ ಮಡಿಸಿ ಹಿಡಿದುಕೊಂಡಿದ್ದ. ಕೂತಾಗಲೇ 112. ಕೆಳಗೆ ಪೆನ್ಸಿಲಿನಲ್ಲಿ ಮತ್ತೆ ಎರಡು ಸಲ ಎಣಿಸಿ ಬರೆದಿದ್ದ, 108, 112.

"ಟೀಚರ್, ಅಬ್ಬಿದ್ ಇಷ್ಟ್ ಬಂತ್" ಅಂದ. "ಇದ್ ಪಾಸಾ, ಫೇಲಾ?"

ಹಾಳೆಯನ್ನು ನಾನು ಇಟ್ಟುಕೊಂಡೆ. ಸೋಮವಾರ ಅವಳು ಕಾರ್ಖಾನೆಗೆ ಹೋಗಲಿಲ್ಲ, ನಾನು ಶಾಲೆಗೆ ಹೋಗಲಿಲ್ಲ. ಬಸ್ಸಿನಲ್ಲಿ ಕೂತಾಗ ಅವಳು ಆ ಹಾಳೆ ಕೊಡಿ ಅಂತ ಕೇಳಿ ತೆಗೆದುಕೊಂಡಳು, ಅಂಕಿಗಳನ್ನು ಒಂದೊಂದಾಗಿ ಬೆರಳಿಟ್ಟು ಓದಿದಳು, ಕುಪ್ಪಸದೊಳಗೆ ಇಟ್ಟುಕೊಂಡಳು. ಡಾಕ್ಟರು ಏನಾಗುತ್ತದೆ ಅಂತ ಕೇಳಿದಾಗ ಬಾಯಿ ಬಿಡುವ ಮೊದಲು ಅದನ್ನೇ ಮೇಜಿನ ಮೇಲೆ ಹರಡಿದಳು.